ಮಲ್ಚರ್ ಕೊಳ್ಳುವ ಮುನ್ನ: ತೋಟದವರಿಗೆ ಹದಿನಾಲ್ಕು ಸೂತ್ರ

ತುಮಕೂರು, ಹಾಸನ, ಚಿತ್ರದುರ್ಗದ ತೆಂಗಿನ ಸೀಮೆಯಲ್ಲಿ ಗರಿ ಎತ್ತಿ ಹಾಕಲು ಆಳು ಸಿಗುವುದು ಕಷ್ಟವಾಗಿ ಬಹಳ ಕಾಲವಾಯಿತು. ಬೇಸಿಗೆಯಲ್ಲಿ ತೋಟದ ಮೂಲೆಯಲ್ಲಿ ಒಟ್ಟಿ ಬೆಂಕಿ ಇಡುವುದು, ಇಲ್ಲವೇ ಬದುವಿನ ಮೇಲೆ ಕೊಳೆಯಲು ಬಿಡುವುದು, ಎರಡೇ ದಾರಿ ಎಂದುಕೊಂಡಿದ್ದವರ ಕಣ್ಣು ಈಗ ಟ್ರ್ಯಾಕ್ಟರ್ ಶೋರೂಂ ಮುಂದೆ ರೋಟಾವೇಟರ್ ಪಕ್ಕದಲ್ಲಿ ನಿಂತಿರುವ ಇನ್ನೊಂದು ಯಂತ್ರದ ಮೇಲೆ ಬಿದ್ದಿದೆ. ಹಗುರವಾದದ್ದಕ್ಕೆ ಫ್ಲೇಲ್ ಮೋವರ್ ಎನ್ನುತ್ತಾರೆ, ಭಾರದ್ದಕ್ಕೆ ಮಲ್ಚರ್. ಎರಡರ ಕೆಲಸದ ರೀತಿ ಒಂದೇ. ಅಡ್ಡಲಾಗಿ ತಿರುಗುವ ಒಂದು ರೋಟರ್, ಅದಕ್ಕೆ ಜೋತುಬಿದ್ದ ಹತ್ತಾರು ಬ್ಲೇಡು ಅಥವಾ ಹ್ಯಾಮರ್. ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗಿದರೆ ಗೇರ್‌ಬಾಕ್ಸ್ ಮತ್ತು ಬೆಲ್ಟ್ ಸೇರಿ ರೋಟರನ್ನು ಸುಮಾರು ಎರಡು ಸಾವಿರ ಸುತ್ತಿಗೆ ಏರಿಸುತ್ತವೆ. ಸಿಕ್ಕಿದ್ದನ್ನು ಬಡಿದು ಸಿಗಿದು ಬಿದ್ದಲ್ಲೇ ಹರಡುತ್ತದೆ. ಮಣ್ಣನ್ನು ಮುಟ್ಟುವುದಿಲ್ಲ. ರೋಟಾವೇಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ಅಡಿಕೆ, ತೆಂಗಿನ ಮೇಲ್ಬೇರು ಹರಿಯುವುದಿಲ್ಲ.

ಯಂತ್ರ ಒಳ್ಳೆಯದೇ. ಆದರೆ ತಪ್ಪು ಯಂತ್ರ ಮನೆಗೆ ಬಂದರೆ ಎರಡು ಲಕ್ಷ ರೂಪಾಯಿಯ ಕಬ್ಬಿಣ ಕೊಟ್ಟಿಗೆಯಲ್ಲಿ ಕೂರುತ್ತದೆ. ಹಾಗಾಗದಿರಲು ಈ ಸೂತ್ರಗಳು.

1. ಮೊದಲು ತೋಟ ನೋಡಿ, ಆಮೇಲೆ ಯಂತ್ರ

ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಯಜಮಾನ್ರೇ, ನಿಮ್ದು ಯಾವ ಟ್ರ್ಯಾಕ್ಟರ್?" ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು. ಮೊದಲನೆಯದು: ನೀವು ಕತ್ತರಿಸಬೇಕಾದದ್ದು ಏನು?

ಬರೀ ಹುಲ್ಲು, ಕಾಂಗ್ರೆಸ್ ಗಿಡ, ಹಸಿರೆಲೆ ಗೊಬ್ಬರಕ್ಕೆ ಬಿತ್ತಿದ ಸೆಣಬು, ಡಯಾಂಚ ಇಷ್ಟೇ ಆದರೆ ವೈ ಆಕಾರದ ತೆಳು ಬ್ಲೇಡು ಸಾಕು. ಅದು ಹಗುರ, ಹರಿತ, ಕಡಿಮೆ ಶಕ್ತಿ ಕೇಳುತ್ತದೆ. ತೆಂಗಿನ ಗರಿ, ಮೆಕ್ಕೆಜೋಳದ ದಂಟು, ಹತ್ತಿ ಕಟ್ಟಿಗೆ, ದ್ರಾಕ್ಷಿ ಅಥವಾ ದಾಳಿಂಬೆಯ ಚಾಟನಿ ಕಡ್ಡಿ ಇದ್ದರೆ ಎರಕದ ಅಥವಾ ಫೋರ್ಜ್ ಮಾಡಿದ ಭಾರದ ಹ್ಯಾಮರ್ ಬೇಕು. ಇಲ್ಲಿ ಕೆಲಸ ಮಾಡುವುದು ಹರಿತವಲ್ಲ, ತೂಕ ಮತ್ತು ವೇಗ. ವೈ ಬ್ಲೇಡು ಹಾಕಿ ಒಣ ಎಡಮಟ್ಟೆಯ ಮೇಲೆ ಓಡಿಸಿದರೆ ಮೊದಲ ದಿನವೇ ಬ್ಲೇಡು ಬಾಗುತ್ತದೆ.

ಲೆಕ್ಕ ಹಾಕಿ ನೋಡಿ. 25 ಅಡಿ ಅಂತರದಲ್ಲಿ ಎಕರೆಗೆ ಸುಮಾರು 70 ತೆಂಗು. ಒಂದು ಮರ ವರ್ಷಕ್ಕೆ ಹನ್ನೆರಡರಷ್ಟು ಗರಿ ಉದುರಿಸುತ್ತದೆ. ಅಂದರೆ ಎಕರೆಗೆ ಎಂಟುನೂರಕ್ಕೂ ಹೆಚ್ಚು ಗರಿ, ಒಂದೊಂದೂ ಆಳುದ್ದ ಮೀರಿದ್ದು. ಇದನ್ನು ಹುಲ್ಲು ಕೊಯ್ಯುವ ಯಂತ್ರದ ಕೈಯಲ್ಲಿ ಮಾಡಿಸುವ ಆಸೆ ಬೇಡ. ಗರಿಯ ಬುಡ, ಅಂದರೆ ದಪ್ಪ ಎಡಮಟ್ಟೆಯ ಭಾಗ, ಪೂರ್ತಿ ಒಣಗಿದ ಮೇಲೆ ಬಲು ಗಟ್ಟಿ. ಅರೆ ಒಣಗಿದಾಗಲೇ, ಗರಿಗಳನ್ನು ಸಾಲಿನ ಉದ್ದಕ್ಕೆ ಹಾಸಿ ಓಡಿಸಿದರೆ ಯಂತ್ರಕ್ಕೂ ಡೀಸೆಲ್‌ಗೂ ಹಿತ. ಅಡಿಕೆ ಸೋಗೆ ಇದಕ್ಕಿಂತ ಎಷ್ಟೋ ಹಗುರ. ಹಾಳೆ ಮಾತ್ರ ಒದ್ದೆಯಾಗಿದ್ದರೆ ರೋಟರಿಗೆ ಸುತ್ತಿಕೊಳ್ಳುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ರವದಿ, ಮಂಡ್ಯದ ತರಗು ಬೇರೆಯದೇ ಕಥೆ. ಅದು ಗಟ್ಟಿಯಲ್ಲ, ಆದರೆ ಮೊಣಕಾಲುದ್ದ ಹಾಸಿರುತ್ತದೆ. ಅಲ್ಲಿ ಬೇಕಾದದ್ದು ಯಂತ್ರದ ಬಾಯಿ ಎತ್ತರವಾಗಿರುವುದು, ಇಲ್ಲವಾದರೆ ಮುಂದೆ ರಾಶಿ ತಳ್ಳಿಕೊಂಡು ಹೋಗುತ್ತದೆ. ಕೂಳೆ ಕಬ್ಬಿನ ಬುಡ ಸಿಗಿಯದಂತೆ ಎತ್ತರ ಹೊಂದಿಸಲು ಬರಬೇಕು.

ಇನ್ನೊಂದು ಮಾತು. ಕೊಯ್ದ ಹುಲ್ಲನ್ನು ದನಕ್ಕೆ ಹಾಕುವ ಯೋಚನೆ ಇದ್ದರೆ ಈ ಯಂತ್ರವೇ ಬೇಡ. ಪುಡಿಯಾಗಿ ಮಣ್ಣು ಮೆತ್ತಿದ ಮೇವನ್ನು ಯಾವ ದನವೂ ಮೂಸುವುದಿಲ್ಲ.

2. ಅಗ್ಗದ್ದರಲ್ಲಿ ಮುಗಿಯುವುದಾದರೆ ಮುಗಿಸಿ

ಎರಡು ಮೂರು ಎಕರೆ, ಬರೀ ಕಳೆ ಎನ್ನುವವರಿಗೆ ಹೆಗಲಿಗೆ ಹಾಕುವ ವೀಡ್ ಕಟರ್ ಧಾರಾಳ. ಜಾಸ್ತಿ ಜಾಗ, ಬರೀ ಕಳೆ ಎನ್ನುವವರಿಗೆ ಟ್ರ್ಯಾಕ್ಟರಿನ ಸ್ಲ್ಯಾಷರ್ ಇದೆ. ಬೆಲೆ ಕಡಿಮೆ, ರಿಪೇರಿ ಊರ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ಆದರೆ ಅದು ಕತ್ತರಿಸಿ ಉದ್ದುದ್ದ ಬಿಡುತ್ತದೆ, ಪುಡಿ ಮಾಡುವುದಿಲ್ಲ. ಕಲ್ಲನ್ನು ಬಹಳ ದೂರಕ್ಕೆ ಎಸೆಯುತ್ತದೆ. ಗರಿ, ದಂಟು ಇರುವವರು, ಕಳೆಯೂ ಪುಡಿಯಾಗಲೇಬೇಕು ಎನ್ನುವವರು ಮಾತ್ರ ಮುಂದಿನ ಸೂತ್ರಕ್ಕೆ ಬನ್ನಿ.

3. ಬಾನೆಟ್ ಮೇಲಿನ ಎಚ್‌ಪಿ ನಂಬಬೇಡಿ

ಬಾನೆಟ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ಯಂತ್ರಕ್ಕೆ ಸಿಗುವುದು ಪಿಟಿಓ ಎಚ್‌ಪಿ. ಅದು ಸಾಮಾನ್ಯವಾಗಿ ಎಂಜಿನ್ನಿನ ಶೇಕಡ 85ರಿಂದ 90. 45 ಎಚ್‌ಪಿ ಟ್ರ್ಯಾಕ್ಟರ್ ಎಂದರೆ ಪಿಟಿಓದಲ್ಲಿ 38ರಿಂದ 40. ಒಂದು ಒರಟು ಲೆಕ್ಕ ಇಟ್ಟುಕೊಳ್ಳಿ: ಹುಲ್ಲಿನ ಕೆಲಸಕ್ಕೆ ಯಂತ್ರದ ಪ್ರತಿ ಅಡಿ ಅಗಲಕ್ಕೆ ಐದಾರು ಪಿಟಿಓ ಎಚ್‌ಪಿ, ಗರಿ ಮತ್ತು ದಂಟಿಗೆ ಎಂಟು. ಹೀಗೆ ನೋಡಿದರೆ 45ರ ಟ್ರ್ಯಾಕ್ಟರಿಗೆ ಹ್ಯಾಮರ್ ಇರುವ ಐದಡಿ ಯಂತ್ರವೇ ಮೇಲ್ಮಿತಿ. 25ರ ಸುತ್ತಮುತ್ತಲಿನ ಮಿನಿ ಟ್ರ್ಯಾಕ್ಟರಿಗೆ ನಾಲ್ಕಡಿ, ಅದೂ ವೈ ಬ್ಲೇಡಿನ ಹುಲ್ಲಿನ ಕೆಲಸಕ್ಕೆ.

"ಆರಡಿದೂ ಎಳೆಯುತ್ತೆ ಸಾರ್" ಎನ್ನುತ್ತಾರೆ. ಎಳೆಯುವುದು ಸುಲಭ, ತಿರುಗಿಸುವುದು ಕಷ್ಟ. ಶಕ್ತಿ ಸಾಲದಿದ್ದಾಗ ರೋಟರ್ ವೇಗ ಬೀಳುತ್ತದೆ. ವೇಗ ಬಿದ್ದ ಹ್ಯಾಮರ್ ಸಿಗಿಯುವುದಿಲ್ಲ, ಜಜ್ಜುತ್ತದೆ. ಆಗ ಬೆಲ್ಟ್ ಜಾರಿ ಸುಟ್ಟ ವಾಸನೆ ಬರುತ್ತದೆ.

4. ಅಗಲ ಅಳೆಯುವುದು ಎರಡು ಕಡೆ

ಒಂದು, ನಿಮ್ಮ ಟ್ರ್ಯಾಕ್ಟರಿನ ಹಿಂಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ. ಎರಡು, ತೋಟದ ಸಾಲಿನಲ್ಲಿ ಮರದ ಬುಡದಿಂದ ಬುಡಕ್ಕೆ. ಯಂತ್ರ ಚಕ್ರಕ್ಕಿಂತ ಕಿರಿದಾದರೆ ಚಕ್ರ ತುಳಿದ ಪಟ್ಟಿ ಕೊಯ್ಯದೆ ಉಳಿಯುತ್ತದೆ. 45ರ ಟ್ರ್ಯಾಕ್ಟರಿನ ಹೊರ ಅಗಲ ಐದೂವರೆ ಅಡಿ ದಾಟುವುದುಂಟು, ಶಕ್ತಿಯ ಲೆಕ್ಕ ಐದಡಿಗೆ ನಿಲ್ಲುತ್ತದೆ. ಈ ಇಕ್ಕಟ್ಟಿಗೆ ಪರಿಹಾರ ಸೈಡ್ ಶಿಫ್ಟ್, ಅಂದರೆ ಯಂತ್ರವನ್ನು ಬಲಕ್ಕೆ ಸರಿಸಿ ಕಟ್ಟುವ ವ್ಯವಸ್ಥೆ. ಬಲಚಕ್ರದ ಜಾಡು ಈ ಸುತ್ತಿನಲ್ಲಿ ಮುಗಿಯುತ್ತದೆ, ಎಡದ್ದು ವಾಪಸ್ ಬರುವ ಸುತ್ತಿನಲ್ಲಿ. ಜೊತೆಗೆ ಟ್ರ್ಯಾಕ್ಟರ್ ಮರದಿಂದ ದೂರವಿದ್ದೇ ಯಂತ್ರ ಬುಡದ ಹತ್ತಿರ ಹೋಗುತ್ತದೆ. ತೋಟದವರು ಬೇರೆ ಯಾವುದನ್ನಾದರೂ ಬಿಡಿ, ಸೈಡ್ ಶಿಫ್ಟ್ ಬಿಡಬೇಡಿ. ಹೈಡ್ರಾಲಿಕ್ ಆದರೆ ಕೂತಲ್ಲಿಂದಲೇ ಸರಿಸಬಹುದು. ಬೋಲ್ಟ್ ಬಿಚ್ಚಿ ಸರಿಸುವುದು ಅಗ್ಗ, ಬಹುಪಾಲು ಜನಕ್ಕೆ ಅಷ್ಟೇ ಸಾಕು.

ಒಂಬತ್ತಡಿಗೆ ಒಂಬತ್ತಡಿ ಅಂತರದ ಅಡಿಕೆಯಲ್ಲಿ ಮಿನಿ ಟ್ರ್ಯಾಕ್ಟರ್ ಓಡಾಡುತ್ತದೆ, ದೊಡ್ಡದು ತಿರುಗಲು ಪರದಾಡುತ್ತದೆ. ಮಲೆನಾಡಿನ ಬಸಿಗಾಲುವೆ ಇರುವ ತೋಟಗಳಿಗೆ ಈ ಯಂತ್ರದ ಮಾತೇ ಬೇಡ.

5. ಎತ್ತಿದಾಗ ಮುಂಚಕ್ರ ನೆಲದಲ್ಲಿರಬೇಕು

ಭಾರದ ಐದಡಿ ಮಲ್ಚರ್ ಅರ್ಧ ಟನ್ ಮುಟ್ಟುವುದುಂಟು. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಲಿಫ್ಟ್ ಸಾಮರ್ಥ್ಯ ನೋಡಿ, ಮಿನಿಗಳಲ್ಲಿ ಅದು 750 ಕೆ.ಜಿ. ಆಸುಪಾಸು. ಅಂಕಿ ಹೊಂದಿದರೂ ಬದು ಹತ್ತುವಾಗ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಮುಂದೆ ತೂಕದ ಬ್ಲಾಕ್ ಹಾಕಿಸಿ. ಲಿಂಕ್ ಪಿನ್ನಿನ ಅಳತೆಯನ್ನೂ ಗಮನಿಸಿ: ಮಿನಿ ಟ್ರ್ಯಾಕ್ಟರಿನ ಕೆಳಲಿಂಕಿಗೆ ಸಾಮಾನ್ಯವಾಗಿ 22 ಮಿ.ಮೀ. ಪಿನ್, ದೊಡ್ಡದಕ್ಕೆ 28.

6. ಕ್ಲಚ್ ಒತ್ತಿದರೂ ಟ್ರ್ಯಾಕ್ಟರ್ ನಿಲ್ಲದಿರಬಹುದು

ಹಳೆಯ ಸಿಂಗಲ್ ಕ್ಲಚ್ ಟ್ರ್ಯಾಕ್ಟರ್ ಇರುವವರು ಇದನ್ನು ಎರಡು ಸಲ ಓದಿ. ಎರಡು ಸಾವಿರ ಸುತ್ತಿನಲ್ಲಿರುವ ರೋಟರ್ ಕ್ಲಚ್ ಒತ್ತಿದ ತಕ್ಷಣ ನಿಲ್ಲುವುದಿಲ್ಲ. ಅದರ ರಭಸ ಪಿಟಿಓ ಮೂಲಕ ಹಿಂದಿರುಗಿ ಚಕ್ರವನ್ನೇ ಮುಂದಕ್ಕೆ ತಳ್ಳುತ್ತದೆ. ಎದುರಿಗೆ ಮರವಿದ್ದರೆ, ಬಾವಿಯಿದ್ದರೆ? ಇದನ್ನು ತಡೆಯುವುದು ಓವರ್‌ರನ್ನಿಂಗ್ ಕ್ಲಚ್, ಅಂದರೆ ಒಂದೇ ದಿಕ್ಕಿಗೆ ಶಕ್ತಿ ಬಿಡುವ ಫ್ರೀವೀಲ್. ಅನೇಕ ಯಂತ್ರಗಳ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಇಲ್ಲದಿದ್ದರೆ ಶಾಫ್ಟಿಗೆ ಹಾಕಿಸಬಹುದು. ಇದೆಯೋ ಇಲ್ಲವೋ ಎಂದು ಬಾಯಿಮಾತಲ್ಲಿ ಕೇಳಿ ಸುಮ್ಮನಾಗಬೇಡಿ, ಕೈಯಲ್ಲಿ ತಿರುಗಿಸಿ ತೋರಿಸಲು ಹೇಳಿ.

7. ಬಣ್ಣ ಬಿಟ್ಟು ಹೊಟ್ಟೆ ನೋಡಿ

ಯಂತ್ರವನ್ನು ಎತ್ತಿಸಿ, ಕೆಳಗೆ ಭದ್ರವಾಗಿ ಮರದ ದಿಮ್ಮಿ ಇಡಿಸಿ, ಎಂಜಿನ್ ಆರಿಸಿದ ಮೇಲೆ ಬಗ್ಗಿ ನೋಡಿ. ರೋಟರನ್ನು ಕೈಯಿಂದ ತಿರುಗಿಸಿ. ಎಲ್ಲೂ ತಡೆಯದೆ ಸುತ್ತಬೇಕು, ಬಿಟ್ಟಾಗ ಪ್ರತಿಸಲ ಒಂದೇ ಕಡೆ ಬಂದು ನಿಂತರೆ ಸಮತೂಕ ಸರಿಯಿಲ್ಲ. ಹ್ಯಾಮರುಗಳು ಪಿನ್ನಿನಲ್ಲಿ ಸಲೀಸಾಗಿ ಆಡಬೇಕು. ಕಲ್ಲು ಸಿಕ್ಕಾಗ ಹಿಂದಕ್ಕೆ ಮಡಚಿಕೊಳ್ಳುವುದರಿಂದಲೇ ರೋಟರ್ ಉಳಿಯುವುದು. ಮೇಲಿನ ಮುಚ್ಚಳದ ತಗಡು ಎರಡು ಪದರವಿದ್ದರೆ ಬಾಳಿಕೆ. ರೋಟರಿನ ಎರಡು ತುದಿಯ ಬೇರಿಂಗಿಗೆ ಗ್ರೀಸ್ ನಿಪ್ಪಲ್ ಎಲ್ಲಿದೆ, ಕೈ ತಲುಪುತ್ತದೆಯೇ? ಮುಚ್ಚಳ ಬಿಚ್ಚಿಯೇ ಗ್ರೀಸ್ ಹಾಕಬೇಕಾದ ಯಂತ್ರಕ್ಕೆ ಯಾರೂ ಗ್ರೀಸ್ ಹಾಕುವುದಿಲ್ಲ, ಇದು ಮನುಷ್ಯ ಸ್ವಭಾವ. ಆ ಬೇರಿಂಗಿಗೆ ಹಗ್ಗ, ತಂತಿ, ನಾರು ಸುತ್ತದಂತೆ ಅಡ್ಡತಟ್ಟೆ ಇದೆಯೇ ಎಂಬುದನ್ನೂ ನೋಡಿ. ತೆಂಗಿನ ನಾರು ಸೀಲನ್ನು ತಿಂದುಹಾಕುತ್ತದೆ.

ಬೆಲ್ಟುಗಳು ಮೂರೋ ನಾಲ್ಕೋ ಇರುತ್ತವೆ. ಒಂದು ಹರಿದರೆ ಒಂದನ್ನೇ ಹಾಕುವಂತಿಲ್ಲ, ಇಡೀ ಸೆಟ್ ಬದಲಿಸಬೇಕು. ಹಳೆಯವು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಹೊಸ ಯಂತ್ರದಲ್ಲಿ ಮೊದಲ ಕೆಲವು ಗಂಟೆ ಓಡಿದ ಮೇಲೆ ಬೆಲ್ಟ್ ಬಿಗಿ ಮತ್ತೆ ನೋಡಲೇಬೇಕು.

8. ಹಿಂದೆ ರೋಲರ್ ಇರಲಿ

ಅಕ್ಕಪಕ್ಕದ ಸ್ಕಿಡ್ ಮೇಲೆ ಮಾತ್ರ ನಿಲ್ಲುವ ಯಂತ್ರ ಉಬ್ಬುತಗ್ಗಿನಲ್ಲಿ ಮಣ್ಣು ಕೆರೆಯುತ್ತದೆ. ಪೂರ್ತಿ ಅಗಲದ ರೋಲರ್ ಇದ್ದರೆ ಎತ್ತರ ಒಂದೇ ಸಮ ನಿಲ್ಲುತ್ತದೆ. ಹ್ಯಾಮರ್ ನೆಲದಿಂದ ಒಂದೆರಡು ಇಂಚು ಮೇಲೇ ಇರಲಿ.

9. ಶಾಫ್ಟನ್ನು ನಿಮ್ಮ ಟ್ರ್ಯಾಕ್ಟರಿಗೆ ಕಟ್ಟಿಯೇ ಅಳೆಯಿರಿ

ಪಿಟಿಓ ಶಾಫ್ಟ್ ಕಂಪನಿಯಿಂದ ಬರುವುದು ಉದ್ದವಾಗಿಯೇ. ನಿಮ್ಮ ಟ್ರ್ಯಾಕ್ಟರಿಗೆ ತಕ್ಕಂತೆ ಕತ್ತರಿಸಬೇಕು. ಉದ್ದ ಬಿಟ್ಟರೆ ಯಂತ್ರ ಎತ್ತಿದಾಗ ಒಳಕೊಳವೆ ಗುದ್ದಿ ಗೇರ್‌ಬಾಕ್ಸ್ ಸೀಳುತ್ತದೆ. ಗಿಡ್ಡ ಮಾಡಿದರೆ ಕಳಚಿ ಬೀಳುತ್ತದೆ. ಎತ್ತಿದಾಗ, ಇಳಿಸಿದಾಗ, ಎರಡೂ ಸ್ಥಿತಿಯಲ್ಲಿ ನೋಡಿ. ಒಂದರೊಳಗೊಂದು ಉದ್ದದ ಮೂರನೇ ಒಂದು ಭಾಗವಾದರೂ ಕೂತಿರಬೇಕು. ಕಲ್ಲಿಗೋ ಬೊಡ್ಡೆಗೋ ಸಿಕ್ಕಾಗ ಮುರಿಯುವ ಶಿಯರ್ ಬೋಲ್ಟ್ ಇದ್ದರೆ ನಾಲ್ಕಾರು ಹೆಚ್ಚಿಗೆ ತೆಗೆದಿಡಿ. ಅದರ ಬದಲು ಗಟ್ಟಿ ಬೋಲ್ಟ್ ಹಾಕುವ ಜಾಣತನ ಬೇಡ. ಆಗ ಮುರಿಯುವುದು ಗೇರ್.

10. ಡ್ರಿಪ್ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿರಲಿ

ತೋಟದಲ್ಲಿ ಈ ಯಂತ್ರದ ದೊಡ್ಡ ಶತ್ರು ಕಲ್ಲಲ್ಲ, ಡ್ರಿಪ್ ಲ್ಯಾಟರಲ್. ಗರಿಯ ಕೆಳಗೆ ಅಡಗಿದ ಪೈಪು ಸಿಕ್ಕರೆ ಕ್ಷಣದಲ್ಲಿ ಹತ್ತಾರು ಅಡಿ ರೋಟರಿಗೆ ಸುತ್ತಿಕೊಳ್ಳುತ್ತದೆ, ಬಿಡಿಸಲು ಅರ್ಧ ದಿನ. ಮರದ ಸಾಲಿಗೆ ಒತ್ತಿ ಪೈಪು ಎಳೆದಿರುವವರು ಪುಣ್ಯವಂತರು. ಉಳಿದವರು ಯಂತ್ರ ಕೊಳ್ಳುವ ಮೊದಲು ಪೈಪು ಸರಿಸುವ ಇಲ್ಲವೇ ಹೂಳುವ ಖರ್ಚನ್ನೂ ಬೆಲೆಗೆ ಸೇರಿಸಿ. ಹಳೆಯ ಬೇಲಿ ತಂತಿ, ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ ಮೊದಲೇ ಆಯಿರಿ.

11. ಬಿಡಿಭಾಗ ತೋರಿಸಿದ ಮೇಲೆ ಮುಂಗಡ ಕೊಡಿ

ಶಕ್ತಿಮಾನ್, ಫೀಲ್ಡ್‌ಕಿಂಗ್, ಮಾಸ್ಕಿಯೊ ಗ್ಯಾಸ್ಪಾರ್ಡೊ ಹೀಗೆ ಹೆಸರು ಹಲವು. ಯಾವುದು ಮೇಲು ಎಂಬ ಜಗಳಕ್ಕಿಂತ, ಯಾರ ಬಿಡಿಭಾಗ ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆ ಎಂಬುದು ಮುಖ್ಯ. ಕೌಂಟರಿನಲ್ಲಿ ಮಾತು ಹೀಗಿರಲಿ:

"ಒಂದು ಹ್ಯಾಮರ್ ಎಷ್ಟು? ಪೂರ್ತಿ ಸೆಟ್ ಎಷ್ಟು?"

"ಸಾರ್, ಅದೆಲ್ಲ ಬೇಗ ಸವೆಯಲ್ಲ."

"ಸವೆದಾಗ ಕೇಳ್ತಿರೋದಪ್ಪ. ಸ್ಟಾಕ್ ಇದೆಯಾ? ಇದ್ರೆ ತಂದು ತೋರಿಸು."

"ತರಿಸ್ಕೊಡ್ತೀವಿ ಸಾರ್, ಒಂದು ವಾರ."

ಹಂಗಾಮಿನ ನಡುವೆ ಒಂದು ವಾರ ಎಂದರೆ ಹಂಗಾಮೇ ಹೋಯಿತು. ಹ್ಯಾಮರ್, ಪಿನ್, ಬೆಲ್ಟ್, ಬೇರಿಂಗ್ ಈ ನಾಲ್ಕು ಅಂಗಡಿಯಲ್ಲೇ ಇರಬೇಕು. ಒಂದು ಹ್ಯಾಮರ್ ಮುರಿದರೆ ಅದರ ಎದುರಿನದನ್ನೂ ಬದಲಿಸಬೇಕು, ಇಲ್ಲವಾದರೆ ರೋಟರ್ ನಡುಗಿ ಬೇರಿಂಗ್ ಹೋಗುತ್ತದೆ. ಹಾಗಾಗಿ ಯಾವಾಗಲೂ ಜೋಡಿಯಲ್ಲೇ ಕೊಳ್ಳಿ.

12. ಸಬ್ಸಿಡಿ: ಆದೇಶ ಮೊದಲು, ಯಂತ್ರ ಆಮೇಲೆ

ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014–15ರಿಂದ ನಡೆದಿದೆ. ಅದರಡಿ ರೈತರ ವರ್ಗ, ಹಿಡುವಳಿ ನೋಡಿ ಶೇಕಡ 40ರಿಂದ 50ರವರೆಗೆ, ಗರಿಷ್ಠ ಮಿತಿಗೊಳಪಟ್ಟು ಸಹಾಯಧನ ಉಂಟು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಪಟ್ಟಿಯಲ್ಲಿ ಮಲ್ಚರ್ ಇದೆಯೇ, ಯಾವ ಮಾದರಿಗಳಿವೆ ಎಂದು ಕೇಳಿ. ಫ್ರೂಟ್ಸ್ ಐಡಿ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಸಿದ್ಧವಿರಲಿ. ತೋಟಗಾರಿಕೆ ಇಲಾಖೆಯಲ್ಲೂ ಒಮ್ಮೆ ವಿಚಾರಿಸಿ. ಮಂಜೂರಾತಿ ಕೈಗೆ ಬರುವ ಮುನ್ನ ಯಂತ್ರ ಮನೆಗೆ ತಂದರೆ ಸಹಾಯಧನದ ಆಸೆ ಬಿಡಬೇಕಾದೀತು.

ಬೆಲೆ ಕೇಳುವಾಗ "ಸಬ್ಸಿಡಿ ಇಲ್ಲದೆ ಎಷ್ಟು?" ಎಂದೇ ಶುರು ಮಾಡಿ. ಎರಡು ಬೆಲೆಯ ನಡುವೆ ಅಸಲಿ ರಿಯಾಯಿತಿ ಎಷ್ಟೆಂದು ಆಗ ಗೊತ್ತಾಗುತ್ತದೆ. ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದು ಕೂತವರಿಗೆ ನೆನಪಿಸಿ. ಸರ್ಕಾರಿ ಪರೀಕ್ಷಾ ವರದಿ ಇದೆಯೇ ಎಂದೂ ಕೇಳಿ. ನಮಗೆ ಹತ್ತಿರದ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಇಂಥ ವರದಿಯಲ್ಲಿ ಬ್ಲೇಡಿನ ಗಡಸುತನ, ಡೀಸೆಲ್ ಖರ್ಚು, ಗಂಟೆಗೆ ಎಷ್ಟು ಜಾಗ ಮುಗಿಯುತ್ತದೆ ಎಂಬುದೆಲ್ಲ ಇರುತ್ತದೆ. ಬಣ್ಣದ ಕರಪತ್ರಕ್ಕಿಂತ ಆ ನಾಲ್ಕು ಹಾಳೆ ಮೇಲು.

13. ಎಕರೆಗೆ ಎಷ್ಟು ಬಿತ್ತು?

ಎರಡು ಲಕ್ಷದ ಯಂತ್ರ, ಹತ್ತು ವರ್ಷದ ಬಾಳಿಕೆ ಎಂದುಕೊಳ್ಳಿ. ವರ್ಷಕ್ಕೆ ಸವಕಳಿ 20 ಸಾವಿರ, ಬಡ್ಡಿ ಮತ್ತು ಬಿಡಿಭಾಗ ಇನ್ನೊಂದು 20 ಸಾವಿರ. ಹತ್ತು ಎಕರೆಗೆ ವರ್ಷಕ್ಕೆರಡು ಸಲ ಓಡಿಸಿದರೆ ಎಕರೆಗೆ ಎರಡು ಸಾವಿರ ರೂಪಾಯಿ ಯಂತ್ರದ್ದೇ ಆಯಿತು, ಡೀಸೆಲ್ ಮತ್ತು ಡ್ರೈವರ್ ಬೇರೆ. ಅದೇ ಯಂತ್ರ ಅಕ್ಕಪಕ್ಕದವರದ್ದೂ ಸೇರಿ ನೂರು ಎಕರೆ ಮಾಡಿದರೆ ನಾನೂರಕ್ಕೆ ಇಳಿಯುತ್ತದೆ. ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಐದಡಿ ಯಂತ್ರ, ತಿರುವು ಎಲ್ಲ ಸೇರಿ, ತಾಸಿಗೆ ಸುಮಾರು ಒಂದು ಎಕರೆ ಮುಗಿಸುತ್ತದೆ. ನೂರು ಎಕರೆ ಎಂದರೆ ಹದಿನೈದು ದಿನದೊಳಗಿನ ಕೆಲಸ. ಬಾಡಿಗೆಗೆ ಬಿಡುವ ಮನಸ್ಸಿಲ್ಲದವರು ಅಣ್ಣತಮ್ಮಂದಿರು ಸೇರಿ ಕೊಳ್ಳಬಹುದು. ಜಗಳ ಬರುವುದು ಯಂತ್ರ ಓಡಿಸಲು ಅಲ್ಲ, ಗ್ರೀಸ್ ಯಾರು ಹಾಕಬೇಕು ಎಂಬುದಕ್ಕೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಕೊಳ್ಳುವ ಮುನ್ನ ಒಂದು ಹಂಗಾಮು ಬಾಡಿಗೆಯಲ್ಲಿ ನೋಡುವುದು ಇನ್ನೂ ಒಳ್ಳೆಯದು. ರಾಜ್ಯದಲ್ಲಿ 2014ರಿಂದ ಇರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ವಿಚಾರಿಸಿ. ಹಲವು ಕಂಪನಿಯ ಯಂತ್ರಗಳನ್ನು ಒಂದೇ ಕಡೆ ನೋಡಬೇಕೆಂದರೆ ಧಾರವಾಡದ ಅಥವಾ ಬೆಂಗಳೂರಿನ ಜಿಕೆವಿಕೆ ಕೃಷಿಮೇಳಕ್ಕೆ ಒಂದು ದಿನ ಹೋಗಿ ಬನ್ನಿ. ಅಲ್ಲಿ ಬುಕ್ ಮಾಡಬೇಡಿ, ನೋಡಿ ಬನ್ನಿ. ಡೆಮೊ ನಿಮ್ಮ ತೋಟದಲ್ಲೇ ಆಗಲಿ, ನಿಮ್ಮ ಟ್ರ್ಯಾಕ್ಟರಿನಲ್ಲೇ, ನಿಮ್ಮ ಒಣ ಗರಿಯ ಮೇಲೇ. ಶೋರೂಂ ಹಿಂದಿನ ಹಸಿ ಹುಲ್ಲನ್ನು ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕತ್ತರಿಸುತ್ತವೆ.

14. ಲುಂಗಿ, ಟವೆಲ್, ಮಕ್ಕಳು: ಮೂರೂ ದೂರ

ಹ್ಯಾಮರಿನ ತುದಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತದೆ. ಅದಕ್ಕೆ ಸಿಕ್ಕ ಕಲ್ಲಿನ ಚೂರು ಹೊರಗೆ ಹಾರದಂತೆ ಮುಂದೆ ಸರಪಳಿ ಇಲ್ಲವೇ ತಗಡಿನ ಪರದೆ ಇರುತ್ತದೆ. ಕೆಲಸಕ್ಕೆ ಅಡ್ಡ ಎಂದು ಅದನ್ನು ಕಿತ್ತು ಬದಿಗಿಟ್ಟ ಯಂತ್ರಗಳನ್ನು ಊರೂರಲ್ಲೂ ನೋಡಬಹುದು. ಕೀಳಬೇಡಿ. ಐವತ್ತು ಮೀಟರ್ ಒಳಗೆ ಯಾರೂ ನಿಲ್ಲಬಾರದು, ಗರಿ ಎಳೆದು ಹಾಕುವ ಆಳು ಕೂಡ. ಪಿಟಿಓ ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದ ದಿನವೇ ಹೊಸದು ಹಾಕಿಸಿ. ಪಂಚೆಯ ಚುಂಗು, ಹೆಗಲ ಟವೆಲ್, ಸೀರೆ ಸೆರಗು ಸಿಕ್ಕರೆ ಎಳೆದುಕೊಳ್ಳಲು ಒಂದು ಕ್ಷಣ ಸಾಕು. ಪಿಟಿಓ ಆಫ್ ಮಾಡಿದ ಮೇಲೂ ರೋಟರ್ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಸದ್ದು ಪೂರ್ತಿ ನಿಂತ ಮೇಲೆಯೇ ಬಗ್ಗಿ.

ಇಷ್ಟಾದ ಮೇಲೂ "ಯಾವುದು ತಗೊಳ್ಳಲಿ ಹೇಳಿಬಿಡಿ" ಎನ್ನುವವರಿಗೆ ನನ್ನ ಉತ್ತರ ಇದು. ಹತ್ತು ಎಕರೆಗಿಂತ ಹೆಚ್ಚು ತೆಂಗು, 45ರ ಟ್ರ್ಯಾಕ್ಟರ್ ಇದ್ದರೆ ಐದಡಿಯ, ಹ್ಯಾಮರ್ ಇರುವ, ಸೈಡ್ ಶಿಫ್ಟ್ ಮತ್ತು ರೋಲರ್ ಇರುವ ಯಂತ್ರ. ಮಿನಿ ಟ್ರ್ಯಾಕ್ಟರ್, ಅಡಿಕೆ, ಬರೀ ಕಳೆ ಎಂದರೆ ನಾಲ್ಕಡಿಯ ವೈ ಬ್ಲೇಡು. ಐದು ಎಕರೆಯೊಳಗಿನವರು ಕೊಳ್ಳಬೇಡಿ, ಬಾಡಿಗೆಗೆ ಕರೆಸಿ.